ಮೂಗಿನ ಫ್ಲೂ ಲಸಿಕೆಗೆ ಕೈಟೊಸಾನ್: ನನ್ನ ಅನುಭವ

ಬೀದರಿನಲ್ಲಿ ಪಶುವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದ ಸಂಶೋಧನೆಗೆ ತೊಡಗಿದಾಗ ನಾನು ಎತ್ತಿಕೊಂಡ ಪ್ರಶ್ನೆ ಒಂದೇ: ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಝಾ ಲಸಿಕೆಯನ್ನು ಮೂಗಿಗೆ ಹಾಕಿದಾಗ ಅದು ಮಂದವಾಗುವುದೇಕೆ, ಯಾವ ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ಸಹಾಯಕ ವಸ್ತು) ಬೆರೆಸಿದರೆ ಚುರುಕಾದೀತು? ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆದ ಮೂಗಿನ ಲಸಿಕೆ ಫ್ಲೂಮಿಸ್ಟ್‌ನಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಮೂಗಿನಲ್ಲಿ ತಾನೇ ಬೆಳೆಯುವುದರಿಂದ ಅದಕ್ಕೆ ಬೇರೆ ಆಸರೆ ಬೇಕಿಲ್ಲ. ಸತ್ತ ವೈರಸ್ಸಿನ ಪ್ರೋಟೀನಿಗೆ ಆ ಅನುಕೂಲವಿಲ್ಲ. ಲೋಳೆಯೂ ಮೂಗಿನೊಳಗಿನ ಸೂಕ್ಷ್ಮ ಕೂದಲಿನಂಥ ರೋಮಕಗಳೂ ಸೇರಿ ಅದನ್ನು ಕೆಲವೇ ನಿಮಿಷಗಳಲ್ಲಿ ಗಂಟಲಿಗೆ ತಳ್ಳಿಬಿಡುತ್ತವೆ.

ಇ. ಕೋಲೈ ಬ್ಯಾಕ್ಟೀರಿಯದ ವಿಷದಿಂದ ಪಡೆದ ಅಡ್ಜುವೆಂಟ್‌ಗಳು ಬಲು ಪ್ರಬಲವೆಂಬುದು ನಿಜ, ಆದರೆ ಅವನ್ನು ನಾನು ಆರಂಭದಲ್ಲೇ ಕೈಬಿಟ್ಟೆ. ಸ್ವಿಟ್ಜರ್ಲೆಂಡಿನಲ್ಲಿ 2000–01ರ ಚಳಿಗಾಲದಲ್ಲಿ ಅಂಥ ವಿಷ ಬೆರೆತ ಮೂಗಿನ ಲಸಿಕೆ ಪಡೆದವರಲ್ಲಿ ಮುಖದ ಒಂದು ಬದಿ ಸೋಲುವ ಬೆಲ್ಸ್ ಪಾಲ್ಸಿ ಹೆಚ್ಚಾಗಿ ಕಂಡುಬಂದು, ಆ ಲಸಿಕೆ ಮಾರುಕಟ್ಟೆಯಿಂದ ಹೊರಹೋಯಿತು. ಮೂಗಿನ ಮೇಲ್ಭಾಗದಿಂದ ಮಿದುಳಿಗೆ ನರದ ನೇರ ದಾರಿಯಿರುವಾಗ, ಟೈಟರ್ (ಪ್ರತಿಕಾಯಗಳ ಮಟ್ಟ) ಎಷ್ಟು ಏರಿತೆಂಬುದೊಂದನ್ನೇ ನೋಡಿ ಅಡ್ಜುವೆಂಟ್ ಆರಿಸುವುದು ನನಗೆ ಸರಿಕಾಣಲಿಲ್ಲ.

ಉಳಿದ ಆಯ್ಕೆಗಳಲ್ಲಿ, ಸೀಗಡಿ ಮತ್ತು ಏಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ನನ್ನ ಕೈಗೆಟುಕುವಂತಿತ್ತು. ಅದರ ಧನವಿದ್ಯುದಂಶ ಲೋಳೆಗೆ ಅಂಟಿಕೊಂಡು ಪ್ರೋಟೀನನ್ನು ಹಿಡಿದಿಡುತ್ತದೆ; ಜೀವಕೋಶಗಳ ನಡುವಿನ ಬಿಗಿ ಸಂದುಗಳನ್ನೂ ಸ್ವಲ್ಪ ಹೊತ್ತು ಸಡಿಲಿಸುತ್ತದೆ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ಅದನ್ನು ಕರಗಿಸಿ, ಕಲಕುತ್ತಲೇ ಟ್ರೈಪಾಲಿಫಾಸ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ, ತಿಳಿಯಾಗಿದ್ದ ದ್ರವ ತೆಳುಗಂಜಿಯಂತೆ ಮಸುಕಾಗುತ್ತದೆ. ನ್ಯಾನೊಕಣಗಳು ರೂಪುಗೊಂಡ ಗುರುತು ಅದೇ. ಪಿಎಚ್ 6.5 ದಾಟಿದರೆ ಕೈಟೊಸಾನ್ ಬಿಳಿ ಎಳೆಗಳಾಗಿ ಬೇರ್ಪಡುವುದರಿಂದ ನಾನು 5.5ರ ಆಸುಪಾಸಿನಲ್ಲೇ ನಿಲ್ಲಿಸುತ್ತಿದ್ದೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಸುಂಡಿಲಿಗಳಿಗೆ ಹಾಕುವಾಗ ಹನಿಯ ಗಾತ್ರಕ್ಕೆ ನಾನು ಅಡ್ಜುವೆಂಟ್‌ನಷ್ಟೇ ಮಹತ್ವ ಕೊಟ್ಟೆ. ಅರಿವಳಿಕೆಯಲ್ಲಿರುವ ಇಲಿಗೆ 50 ಮೈಕ್ರೊಲೀಟರ್ ಬಿಟ್ಟರೆ ಅದರಲ್ಲಿ ಬಹುಪಾಲು ಶ್ವಾಸಕೋಶಕ್ಕಿಳಿಯುತ್ತದೆ. ಆಗ ಪರೀಕ್ಷೆಯಾಗುವುದು ಮೂಗಿನ ಲಸಿಕೆಯಲ್ಲ, ಶ್ವಾಸಕೋಶದ ಲಸಿಕೆ. ಆದ್ದರಿಂದ ಎಚ್ಚರವಿರುವ ಇಲಿಯ ಪ್ರತಿ ಹೊಳ್ಳೆಗೆ ಕೆಲವೇ ಮೈಕ್ರೊಲೀಟರ್ ಹಾಕುವ ಪದ್ಧತಿಯನ್ನೇ ಅನುಸರಿಸಿದೆ. ಅದು ನಿಧಾನದ ಕೆಲಸ, ಸೀನಿದರೆ ಡೋಸ್ ಲೆಕ್ಕಕ್ಕೇ ಬರುವುದಿಲ್ಲ.

ರಕ್ತದ ಎಚ್‌ಐ ಟೈಟರ್ (ವೈರಸ್ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ತಡೆಯುವ ಪ್ರತಿಕಾಯಗಳ ಮಟ್ಟ) 1:40 ಎಂಬ ಪರಿಚಿತ ಅಳತೆ ಚುಚ್ಚುಮದ್ದಿನ ಲಸಿಕೆಗೆ ಹೊಂದುತ್ತದೆ. ಇಲ್ಲಿ ಬೇಕಾದದ್ದು ಮೂಗಿನ ತೊಳೆನೀರಿನಲ್ಲಿರುವ ಐಜಿಎ, ಅಂದರೆ ಲೋಳೆಪೊರೆಯನ್ನು ಕಾಯುವ ಪ್ರತಿಕಾಯ. ಪ್ರತಿ ಸಲವೂ ತೊಳೆನೀರು ಒಂದೇ ಪ್ರಮಾಣದಲ್ಲಿ ತೆಳುವಾಗುವುದಿಲ್ಲವಾದ್ದರಿಂದ ವೈರಸ್‌ಗೆ ಅಂಟುವ ಐಜಿಎಯನ್ನು ಒಟ್ಟು ಐಜಿಎಗೆ ಹೋಲಿಸಿ ಬರೆದಿಟ್ಟೆ. ರಕ್ತದ ಪ್ರತಿಕಾಯ ಬೆರೆತಿರಬಹುದೆಂದು ನಸುಗೆಂಪಾದ ಮಾದರಿಗಳನ್ನು ಎಲೈಸಾಗೆ (ಪ್ರತಿಕಾಯ ಅಳೆಯುವ ಪರೀಕ್ಷೆಗೆ) ತೆಗೆದುಕೊಳ್ಳಲೇ ಇಲ್ಲ. ಕೈಟೊಸಾನ್ ಬೆರೆಸಿದ ಗುಂಪಿನಲ್ಲಿ ಐಜಿಎ ಸ್ಪಷ್ಟವಾಗಿ ಏರಿತ್ತು, ಬರೀ ಪ್ರೋಟೀನ್ ಪಡೆದವುಗಳಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.

ತಟಸ್ಥ ಪಿಎಚ್‌ನಲ್ಲಿ ಕರಗದಿರುವುದೇ ಕೈಟೊಸಾನಿನ ದೊಡ್ಡ ಕೊರತೆ. ಅಲ್ಲಿಯೂ ಕರಗಿರುವ ಅದರ ಮಾರ್ಪಡಿಸಿದ ರೂಪ ಟ್ರೈಮೀಥೈಲ್ ಕೈಟೊಸಾನ್ ಅನ್ನು ಈಗ ಇದೇ ಕ್ರಮದಲ್ಲಿ ಪರೀಕ್ಷಿಸುತ್ತಿದ್ದೇನೆ, ಜೊತೆಗೆ ಘ್ರಾಣನರದ (ವಾಸನೆ ಗ್ರಹಿಸುವ ನರದ) ತೆಳು ಸೀಳುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೇನೆ.