ಉಡುಪಿಯಿಂದ ನಾಗರ್‌ಕೋಯಿಲ್‌ವರೆಗೆ ಕ್ರೋಶಾ ಪ್ರವಾಸ: ನನ್ನ ಅನುಭವ

ಕರಾವಳಿಯುದ್ದಕ್ಕೂ ಬರೀ ಮಗ್ಗ, ನೂಲು, ಲೇಸ್ ನೋಡಿಕೊಂಡು ಹೋಗಿಬರುತ್ತೇನೆ ಅಂದಾಗ ಮಲ್ಲೇಶ್ವರದ ನಮ್ಮ ಕ್ರೋಶಾ (ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವ ಕೆಲಸ) ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. ಮೂರನೇ ದಿನಕ್ಕೆ ಬೇಜಾರಾಗಿ ವಾಪಸ್ ಬರ್ತೀಯ ಅಂದರು. ಮನೆಯಲ್ಲಿ ಖರ್ಚಿನ ಮಾತು ತೆಗೆದರು. ಹೆಚ್ಚುಕಮ್ಮಿ ಎರಡೂವರೆ ವಾರ ತಿರುಗಿ ಬಂದೆ. ಹಾಕಿದ ದುಡ್ಡಲ್ಲಿ ಅರ್ಧದಷ್ಟು ಆಗಲೇ ಕೈಗೆ ಬಂದಿದೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಹಿಂದಿನ ಪ್ಲಾನ್‌ಗಳು ಯಾಕೆ ಕೈಕೊಟ್ಟವು ಅನ್ನೋದು ಮೊದಲು. ಒಂದು ವರ್ಷ ಜುಲೈನಲ್ಲಿ ಹೊರಟಿದ್ದೆ. ಮಳೆಗಾಲದಲ್ಲಿ ಗಂಜಿ ಹಾಕಿದ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು) ಬೇಗ ಒಣಗುವುದಿಲ್ಲ, ಗುಂಡಿಮಗ್ಗದ ಗುಂಡಿಯಲ್ಲಿ ನೀರು ಒಸರುತ್ತದೆ. ಹೋದ ಕಡೆಯೆಲ್ಲ ಮಗ್ಗಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಇನ್ನೊಂದು ವರ್ಷ ಟ್ರಾವೆಲ್ಸ್‌ನವರ ಕಾರು. ಅರವತ್ತೈದು ಸಾವಿರದ ಹತ್ತಿರ ಹೇಳಿ, ಅರ್ಧ ಮುಂಗಡ ಇಸಿದುಕೊಂಡರು. ಅವರು ಮಾಡಿದ ಪಟ್ಟಿಯಲ್ಲಿ ಬೆಳಿಗ್ಗೆಯೆಲ್ಲ ಬೀಚು, ದೇವಸ್ಥಾನ, ನೇಕಾರರು ಸಂಜೆಗೆ. ಐದೂವರೆಗೆ ಹೋಗಿ ನಿಂತರೆ ಮಗ್ಗದ ಮನೆಗೆ ಬೀಗ. ಮಂಗಳೂರಿನಿಂದಲೇ ವಾಪಸ್ ಬಂದೆ. ಮುಂಗಡದಲ್ಲಿ ಒಂದಿಷ್ಟು ದುಡ್ಡು ಇವತ್ತಿಗೂ ಬಂದಿಲ್ಲ.

ಈ ಸಲ ಊರು, ಟಿಕೆಟ್, ಹೋಟೆಲ್ ಯಾವುದನ್ನೂ ಮೊದಲು ಹಿಡಿಯಲಿಲ್ಲ. ನೇಕಾರರ ಸಂಘಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಹೊಸ ಹಾಸು ಯಾವ ವಾರ ಏರಿಸುತ್ತೀರಿ? ಉತ್ತರ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ರೈಲು ಬಸ್ಸುಗಳನ್ನು ಅವುಗಳ ಮಧ್ಯೆ ತುಂಬಿಸಿದೆ. ಭಾನುವಾರ ಸಂಘಗಳು ಮುಚ್ಚಿರುತ್ತವೆ, ಅದು ಪ್ರಯಾಣಕ್ಕೆ. ಬೆಳಿಗ್ಗೆ ಒಂಬತ್ತೂವರೆಯಿಂದ ಊಟದ ಹೊತ್ತಿನವರೆಗೆ ಮಗ್ಗ, ಆಮೇಲೆ ರೂಮಿನಲ್ಲಿ ನನ್ನ ಕೆಲಸ. ಜನವರಿ ಕೊನೆಗೆ ಹೊರಟೆ. ಓಣಂಗೆ ಮುಂಚೆ ಹೋಗಿ ಅಂತ ಸುಮಾರು ಜನ ಹೇಳುತ್ತಾರೆ. ರಿಬೇಟ್ ಇರುತ್ತದೆ, ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಆಗ ಮಗ್ಗದವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ, ಕಲಿಯುವವರಿಗೆ ಅದು ಸರಿಯಾದ ಕಾಲ ಅಲ್ಲ.

ರಾತ್ರಿ ಪಂಚಗಂಗಾ ರೈಲಿಗೆ ಹತ್ತಿ ಉಡುಪಿ, ಅಲ್ಲಿಂದ ಬಸ್ಸಲ್ಲಿ ಕಿನ್ನಿಗೋಳಿ. ತಾಳಿಪಾಡಿ ನೇಕಾರರ ಸಂಘ ಇರುವುದು ಅಲ್ಲೇ. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ನಾನು ಹೋಗಿದ್ದು ಸೀರೆಗಲ್ಲ, ಕೆಚ್ಚುವುದನ್ನು ನೋಡುವುದಕ್ಕೆ. ಹಳೆ ಹಾಸು ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಹಾಕಿದರೆ ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿದ್ದ ಅಮ್ಮ ಬೆರಳಿಗೆ ಬೂದಿ ಸವರಿಕೊಂಡು, ಎರಡೂ ತುದಿಗಳನ್ನು ಜೊತೆಗೆ ಹೊಸೆದು, ಹಿಂದಕ್ಕೆ ಮಡಚಿ ಮತ್ತೊಮ್ಮೆ ಹೊಸೆಯುತ್ತಿದ್ದರು. ಒಂದು ಎಳೆಗೆ ಎರಡು ಸೆಕೆಂಡೂ ಹಿಡಿಯಲಿಲ್ಲ. ಎಳೆದು ನೋಡಿದೆ, ಬಿಚ್ಚಲಿಲ್ಲ. ನಾವು ದಾರ ಮುಗಿದಾಗ ಗಂಟು ಹಾಕಿ ತುದಿ ಮುಚ್ಚಿಡಲು ಒದ್ದಾಡುತ್ತೇವಲ್ಲ, ಇಲ್ಲಿಂದ ಮುಂದೆ ನಾನು ಅದನ್ನು ಬಿಟ್ಟೇಬಿಟ್ಟೆ. ಈಗ ನನ್ನ ಲೇಸಿನ ಹಿಂಭಾಗ ತಿರುಗಿಸಿ ನೋಡಿ, ಜಾಯಿಂಟ್ ಎಲ್ಲಿದೆ ಅಂತ ನಿಮಗೆ ಸಿಗಲ್ಲ.

ದಾರದ ವಿಷಯಕ್ಕೆ ಬರುತ್ತೇನೆ, ಅತಿ ಹೆಚ್ಚು ಅನುಮಾನ ಇದ್ದದ್ದು ಅದರ ಮೇಲೆಯೇ. ಚಿಕ್ಕಪೇಟೆಯಿಂದ ಕೆಜಿಗಟ್ಟಲೆ ದಾರ ಹೊತ್ತುಕೊಂಡು ಹೋಗದೆ, ದಾರಿಯಲ್ಲಿ ಸಿಗುವ ಮಗ್ಗದ ನೂಲಿನಲ್ಲೇ ಹಾಕುತ್ತೇನೆ ಅಂದಿದ್ದೆ. ಮಗ್ಗದ ನೂಲು ಕ್ರೋಶಾಕ್ಕೆ ಆಗಲ್ಲ, ಸೀಳುತ್ತೆ ಅಂತ ಎಲ್ಲರೂ ಅಂದರು. ಒಂಟಿ ಎಳೆಯಾದರೆ ಸೀಳುತ್ತದೆ, ನಿಜ. 60ರ ನೂಲು (ಸಂಖ್ಯೆ ಹೆಚ್ಚಿದಷ್ಟೂ ನೂಲು ತೆಳು) ಒಂದು ಗ್ರಾಂಗೆ ಸುಮಾರು ನೂರು ಮೀಟರ್ ಬರುತ್ತದೆ. ನಮ್ಮ 20ರ ಕ್ರೋಶಾ ದಾರ ಎಂಟು ಮೀಟರ್ ಹತ್ತಿರ. ಅಂದರೆ ಹನ್ನೆರಡು ಎಳೆ ಸೇರಬೇಕು. ಸುಮ್ನೆ ಒಟ್ಟಿಗೆ ಹಿಡಿದು ಹಾಕಿದಾಗ ಕಡ್ಡಿಗೆ ಏಳು ಎಳೆ ಸಿಕ್ಕರೆ ಐದು ಜಾರುತ್ತಿದ್ದವು. ಕಾಸರಗೋಡಿನ ರೂಮಿನಲ್ಲಿ ಎರಡು ರಾತ್ರಿ ಹಾಕಿದ್ದೆಲ್ಲ ಬಿಚ್ಚಿದೆ. ಮೊದಲು ಮೂರು ಮೂರು ಎಳೆ ಹುರಿ ಮಾಡಿ, ಆಮೇಲೆ ಆ ನಾಲ್ಕನ್ನು ಸೇರಿಸಿ ಹುರಿ ಮಾಡಿದಾಗ ದಾರ ದುಂಡಗೆ ನಿಂತಿತು. 1.25 ಎಂಎಂ ಸ್ಟೀಲ್ ಕಡ್ಡಿಯಲ್ಲಿ ಲೀಲಾಜಾಲವಾಗಿ ಓಡಿತು. ಯಾವ ಹಂತದಲ್ಲಿ ಯಾವ ದಿಕ್ಕಿಗೆ ಎಷ್ಟು ತಿರುಪು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ದಾರಕ್ಕೆ ಸವರುವುದೂ ಒಂದಿದೆ, ಅದೂ ಇರಲಿ.

ಒಂದು ವಿನಂತಿ. ಸಂಘದ ನೂಲು ನೇಕಾರರಿಗಾಗಿ ಬಂದಿರುತ್ತದೆ. ಬಣ್ಣ ಹಾಕಿ ಉಳಿದ ಲಡಿಗಳನ್ನು ಮಾತ್ರ ಕೇಳಿ, ಹೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ಹಾಗೆ ಕೊಟ್ಟರೂ ಅಂಗಡಿ ದಾರದ ಕಾಲು ಭಾಗಕ್ಕಿಂತ ಕಡಿಮೆಯೇ ಬಿತ್ತು.

ಕಣ್ಣೂರಿನಲ್ಲಿ ಬಾಸೆಲ್ ಮಿಷನ್ ತಂದ ಚೌಕಟ್ಟು ಮಗ್ಗಗಳ ಸಂತತಿ ಇದೆ. ಅಗಲ ಬಟ್ಟೆ, ಪರದೆ, ಹಾಸಿಗೆ ಹೊದಿಕೆ. ನಮಗೆ ಅಲ್ಲಿ ಕಲಿಯುವುದು ಕಡಿಮೆ, ಒಂದು ಬೆಳಿಗ್ಗೆ ಸಾಕು. ಪರವೂರು ಹತ್ತಿರದ ಚೇಂದಮಂಗಲಕ್ಕೆ ಜಾಸ್ತಿ ಸಮಯ ಇಡಿ. 2018ರ ನೆರೆಯಲ್ಲಿ ಅಲ್ಲಿನ ಮಗ್ಗಗಳು ಮುಳುಗಿ, ಕೆಸರಾದ ಸೀರೆಗಳಿಂದ ಚೇಕುಟ್ಟಿ ಗೊಂಬೆ ಮಾಡಿದ್ದನ್ನು ಕೇಳಿರುತ್ತೀರಿ. ಅದೇ ಊರಿನಲ್ಲಿ ಇವತ್ತು ಮಗ್ಗದ ಸದ್ದು ಕೇಳಿದಾಗ ನನಗೆ ಗಂಟಲು ಬಿಗಿದು ಬಂತು.

ಆಲಪ್ಪುಳದಲ್ಲಿ ಸ್ವಲ್ಪ ದಾರಿ ತಪ್ಪಿಸಿ ತೆಂಗಿನ ನಾರಿನ ಹಗ್ಗ ಕೊಂಡೆ. ಹತ್ತು ಎಂಎಂ ಕಡ್ಡಿಯಲ್ಲಿ ಕ್ರೋಶಾ ಹಾಕಿ ನೋಡಬೇಕಿತ್ತು. ಒಣ ಹಗ್ಗ ಬೆರಳು ತರಿಯುತ್ತದೆ. ಒಂದು ರಾತ್ರಿ ನೆನೆಸಿ, ಒದ್ದೆ ಇರುವಾಗಲೇ ಹಾಕಿದರೆ ಬಗ್ಗುತ್ತದೆ. ದುಂಡನೆಯ ಕಾಲೊರಸು ಚೆನ್ನಾಗಿ ಬಂತು, ಈಗ ನಮ್ಮ ಬಾಗಿಲಲ್ಲೇ ಇದೆ. ಚೀಲ ಮಾತ್ರ ಆಗಲಿಲ್ಲ, ಬಟ್ಟೆಗೆ ತಾಗಿದರೆ ಎಳೆ ಕೀಳುತ್ತದೆ.

ಬಲರಾಮಪುರಂಗೆ ಬೆಳಿಗ್ಗೆ ಬೇಗ ಹೋಗಬೇಕು. ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಬ್ರಷ್ ಮಾಡುವುದು ಬಿಸಿಲೇರುವ ಮುಂಚೆ. ಕೊನೆಗೆ ನಾಗರ್‌ಕೋಯಿಲ್. 1820ರ ಆಸುಪಾಸಿನಲ್ಲಿ ಮಾರ್ತಾ ಮಾಲ್ಟ್ ಅನ್ನುವ ಮಿಷನರಿ ಹೆಂಗಸು ಅಲ್ಲಿನ ಹುಡುಗಿಯರಿಗೆ ಬಾಬಿನ್ ಲೇಸ್ ಕಲಿಸಿದರು. ದಿಂಬಿನ ಮೇಲೆ ಗುಂಡುಸೂಜಿ, ಸುತ್ತ ದಾರ ಸುತ್ತಿದ ಹತ್ತಾರು ಬಾಬಿನ್. ಅದರ ಒಂದು ಅಂಚನ್ನು ನೋಡಿಕೊಂಡು, ಚೌಕ ಚೌಕವಾಗಿ ಹಾಕುವ ಫಿಲೆಟ್ ಕ್ರೋಶಾಕ್ಕೆ ಇಳಿಸಿದೆ. ಮೂರು ಚೌಕದ ಬದಲು ಐದು ಇಟ್ಟರೆ ಬಳ್ಳಿ ಸರಿಯಾಗಿ ತಿರುಗುತ್ತದೆ. ಬೆಂಗಳೂರಿನಲ್ಲಿ ಬ್ಲೌಸ್ ತೋಳಿಗೆ ಅಂತ ಹೆಚ್ಚು ಮಾರಾಟವಾಗಿದ್ದು ಅದೇ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ರೂಮಿಗೆ ಹದಿನಾರು ಸಾವಿರದಷ್ಟು, ಊಟ ತಿಂಡಿ ಆರು, ರೈಲು ಬಸ್ಸು ಆಟೋ ಎಲ್ಲ ಸೇರಿ ನಾಲ್ಕು, ನೂಲು ಮತ್ತು ಎರಡು ಸೀರೆಗೆ ಒಂಬತ್ತು. ಒಟ್ಟು ಮೂವತ್ತೈದರ ಹತ್ತಿರ. ಲೇಸ್ ಮಾರಿ ಹದಿನೇಳು ಸಾವಿರ ಬಂತು, ಆರ್ಡರ್ ಇನ್ನೂ ಇವೆ. ಗುಂಪಿನಲ್ಲಿ ನಕ್ಕಿದ್ದವರಲ್ಲೇ ಇಬ್ಬರು ತಗೊಂಡಿದ್ದಾರೆ.

ಮುಂದಿನದು ಪೂರ್ವ ಕರಾವಳಿ. ಆಂಧ್ರದ ನರಸಾಪುರ ನಮ್ಮ ಕ್ರೋಶಾದವರ ಊರೇ ಅಲ್ವಾ, ಗೋದಾವರಿ ಬದಿಯ ಹಳ್ಳಿಗಳಲ್ಲಿ ಹೆಂಗಸರು ಮನೆಯಲ್ಲೇ ಕೂತು ಹಾಕುತ್ತಾರೆ. ಅಲ್ಲಿಂದ ಉಪ್ಪಾಡದ ಜಾಮ್ದಾನಿ ಸೀರೆ, ಆಮೇಲೆ ಪೊಂದೂರು ಖಾದಿ. ಆ ಕಡೆ ಸಂಕ್ರಾಂತಿ ದೊಡ್ಡ ಹಬ್ಬ, ಮನೆ ತುಂಬಾ ನೆಂಟರು. ಹಾಗಾಗಿ ಹಬ್ಬ ಕಳೆದು ಒಂದು ವಾರ ಬಿಟ್ಟು ಹೊರಡುತ್ತೇನೆ. ಜೊತೆಗೆ ಬರುವವರು 1.25ರ ಕಡ್ಡಿ ಎರಡು ಇಟ್ಟುಕೊಳ್ಳಿ, ಉಪ್ಪುಗಾಳಿಗೂ ಬೆವರಿಗೂ ಒಂದು ತುಕ್ಕು ಹಿಡಿಯುವುದು ಗ್ಯಾರಂಟಿ.