ಒಂದು ಗಂಟೆಯ ಪರ್ಮಿಟ್ಟಿನ ಸುತ್ತ ಕಟ್ಟಿದ ಪ್ರವಾಸ

ಕಬಿನಿಗೋ ನಾಗರಹೊಳೆಗೋ ಹೋಗುವಾಗ ನಾವು ಮೊದಲು ವಸತಿಯನ್ನು ಗೊತ್ತು ಮಾಡಿಕೊಳ್ಳುತ್ತೇವೆ, ಸಫಾರಿಯ ಸೀಟು ಅದರ ಹಿಂದೆಯೇ ಬರುತ್ತದೆ, ಹುಲಿ ಕಾಣುವುದು ಬಿಡುವುದು ಅದೃಷ್ಟಕ್ಕೆ ಸೇರಿದ್ದು. ಗೊರಿಲ್ಲಾ ಚಾರಣದ ಲೆಕ್ಕ ಇದಕ್ಕೆ ತೀರಾ ತಿರುವುಮುರುವು. ಪರ್ವತ ಗೊರಿಲ್ಲಾಗಳು ಜಗತ್ತಿನ ಯಾವ ಮೃಗಾಲಯದಲ್ಲೂ ಇಲ್ಲ. ರುವಾಂಡಾ, ಉಗಾಂಡಾ ಮತ್ತು ಕಾಂಗೋ ದೇಶಗಳ ಗಡಿಗಳು ಸೇರುವಲ್ಲಿರುವ ವಿರುಂಗಾ ಜ್ವಾಲಾಮುಖಿ ಪರ್ವತಸಾಲಿನಲ್ಲಿ ಮತ್ತು ಉಗಾಂಡಾದ ನೈಋತ್ಯ ಮೂಲೆಯ ಬ್ವಿಂಡಿ ಕಾಡಿನಲ್ಲಿ ಮಾತ್ರ ಅವು ಉಳಿದಿವೆ. ಎರಡೂ ಕಡೆಯ ಇತ್ತೀಚಿನ ಪೂರ್ಣ ಗಣತಿಗಳನ್ನು ಕೂಡಿಸಿದರೆ ಸಿಕ್ಕ ಸಂಖ್ಯೆ 1,063. ಮನುಷ್ಯರಿಗೆ ರೂಢಿಯಾದ ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಎಂಟು ಜನ ಪ್ರವಾಸಿಗರು, ಒಂದೇ ಗಂಟೆಯ ಕಾಲ ನೋಡಬಹುದು. ಆ ಒಂದು ಗಂಟೆಯ ಪರ್ಮಿಟ್ ಕೈಗೆ ಬಂದ ಮೇಲೆಯೇ ವಿಮಾನ, ವಸತಿ, ವಾಹನ ಎಲ್ಲವನ್ನೂ ಅದರ ಸುತ್ತ ಜೋಡಿಸಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಯೋಜನೆಗೆ ಕುಳಿತೆ.

ಮೊದಲ ಪ್ರಶ್ನೆ ಯಾವ ದೇಶ ಎಂಬುದು. ರುವಾಂಡಾದಲ್ಲಿ ಪರ್ಮಿಟ್ಟಿನ ದರ 2017ರಿಂದ 1,500 ಡಾಲರ್. ಉಗಾಂಡಾದಲ್ಲಿ ವಿದೇಶಿಯರಿಗೆ 700 ಇದ್ದದ್ದು 2024ರ ಜುಲೈಯಿಂದ 800 ಡಾಲರ್ ಆಗಿದೆ. ರುವಾಂಡಾದ ಅನುಕೂಲವೆಂದರೆ ರಾಜಧಾನಿ ಕಿಗಾಲಿಯಿಂದ ಎರಡೂವರೆ ಗಂಟೆಯ ಒಳ್ಳೆಯ ರಸ್ತೆಯಲ್ಲಿ ಉದ್ಯಾನದ ಬಾಗಿಲು ತಲುಪಬಹುದು. ರಜೆ ಬಹಳ ಕಡಿಮೆ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನಗೆ ಒಂದು ವಾರದಷ್ಟು ಬಿಡುವಿತ್ತು, ಬಯಲು ಸೀಮೆಯ ಪ್ರಾಣಿಗಳನ್ನೂ ನೋಡುವ ಆಸೆಯಿತ್ತು. ಎರಡು ದೇಶಗಳ ದರದ ನಡುವಿನ ವ್ಯತ್ಯಾಸದ ಹಣವೇ ಉಗಾಂಡಾದ ಸಫಾರಿಯ ಖರ್ಚಿನ ದೊಡ್ಡ ಪಾಲನ್ನು ಹೊರುತ್ತಿದ್ದುದರಿಂದ ಉಗಾಂಡಾ ಎಂದೇ ತೀರ್ಮಾನಿಸಿದೆ.

ದೇಶಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ವಲಯದ ಆಯ್ಕೆಗೆ. ಬ್ವಿಂಡಿಯಲ್ಲಿ ಬುಹೋಮಾ, ರುಹಿಜಾ, ರುಶಾಗಾ, ಎನ್‌ಕುರಿಂಗೊ ಎಂಬ ನಾಲ್ಕು ವಲಯಗಳಿವೆ, ಮತ್ತು ಪರ್ಮಿಟ್ ನಿರ್ದಿಷ್ಟ ದಿನಾಂಕಕ್ಕೆ, ನಿರ್ದಿಷ್ಟ ವಲಯಕ್ಕೆ ಸಿಗುತ್ತದೆ. ನಕ್ಷೆಯಲ್ಲಿ ಅಕ್ಕಪಕ್ಕದಲ್ಲಿರುವಂತೆ ಕಂಡರೂ ಒಂದು ವಲಯದಿಂದ ಇನ್ನೊಂದಕ್ಕೆ ಗುಡ್ಡ ಬಳಸಿ ಹೋಗುವ ಮಣ್ಣಿನ ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಪರ್ಮಿಟ್ ರುಶಾಗಾದ್ದಾಗಿ, ಚೆಂದ ಕಂಡಿತೆಂದು ಬುಹೋಮಾದಲ್ಲಿ ವಸತಿ ಹಿಡಿದರೆ, ಬೆಳಗಿನ ಎಂಟು ಗಂಟೆಯೊಳಗೆ ಸೇರಬೇಕಾದ ಜಾಗಕ್ಕೆ ನಡುರಾತ್ರಿಯೇ ಹೊರಡಬೇಕಾಗುತ್ತದೆ. ನಾನು ರುಶಾಗಾವನ್ನು ಆರಿಸಿದ್ದಕ್ಕೆ ಕಾರಣ ಅಲ್ಲಿ ರೂಢಿಯಾದ ಕುಟುಂಬಗಳು ಹೆಚ್ಚಿರುವುದು. ಬೇಡಿಕೆ ಹೆಚ್ಚಿರುವ ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಹವೆಯಲ್ಲೂ ಅಲ್ಲಿ ಪರ್ಮಿಟ್ ಸಿಗುವ ಸಂಭವ ಉಳಿದೆಡೆಗಿಂತ ಉತ್ತಮ. ಉಗಾಂಡಾ ವನ್ಯಜೀವಿ ಪ್ರಾಧಿಕಾರ ನೀಡುವ ಈ ಪರ್ಮಿಟ್ಟನ್ನು ನಾನು ಕಂಪಾಲಾದ ಒಂದು ಪ್ರವಾಸ ಸಂಸ್ಥೆಯ ಮೂಲಕ, ತಿಂಗಳುಗಳ ಮೊದಲೇ ಪಡೆದೆ. ಅದರ ಪ್ರತಿಯನ್ನು ತರಿಸಿಕೊಂಡು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ವಲಯ ನಾಲ್ಕನ್ನೂ ಓದಿ ನೋಡಿದ ನಂತರವೇ ಉಳಿದ ಹಣ ಕಳುಹಿಸಿದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಈ ಚಾರಣಕ್ಕೆ ಅವಕಾಶವಿಲ್ಲವೆಂಬುದನ್ನು ಕುಟುಂಬದೊಂದಿಗೆ ಹೋಗುವವರು ಮೊದಲೇ ತಿಳಿದಿರಬೇಕು.

ಪರ್ಮಿಟ್ ಆದ ಮೇಲೆ ಲಸಿಕೆ, ಲಸಿಕೆಯ ನಂತರ ವೀಸಾ. ಈ ಕ್ರಮ ಮುಖ್ಯ. ಉಗಾಂಡಾದ ಆನ್‌ಲೈನ್ ವೀಸಾ ಅರ್ಜಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಲಗತ್ತಿಸಬೇಕು, ಆ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ, ಮತ್ತು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಕೊಡುತ್ತಾರೆ. ಉಗಾಂಡಾ ಒಂದಕ್ಕೇ ಆದರೆ ವೀಸಾ ಶುಲ್ಕ 50 ಡಾಲರ್. ರುವಾಂಡಾ ಮತ್ತು ಕೀನ್ಯಾಗಳನ್ನೂ ಸೇರಿಸಿಕೊಳ್ಳುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾಕ್ಕೆ 100 ಡಾಲರ್. ಬೆಂಗಳೂರಿನಿಂದ ಅಡಿಸ್ ಅಬಾಬಾ ಮೂಲಕ ಎಂಟೆಬೆಗೆ ಹೋಗುವ ದಾರಿ ನನಗೆ ಅನುಕೂಲವಾಯಿತು. ಮಲೇರಿಯಾ ತಡೆಯುವ ಮಾತ್ರೆಗಳನ್ನು ವೈದ್ಯರ ಸಲಹೆಯ ಮೇರೆಗೆ ಹೊರಡುವ ಮುನ್ನವೇ ಆರಂಭಿಸಿದೆ.

ಎಂಟೆಬೆಯಿಂದ ಬ್ವಿಂಡಿಗೆ ಸುಮಾರು 500 ಕಿಲೋಮೀಟರ್. ಒಂದೇ ಹಗಲಿನಲ್ಲಿ ಮುಗಿಸುವವರಿದ್ದಾರೆ, ಆದರೆ ಹತ್ತು ಗಂಟೆ ವಾಹನದಲ್ಲಿ ಕುಲುಕಾಡಿ ಮರುದಿನ ಬೆಳಿಗ್ಗೆ ಕಡಿದಾದ ಕಾಡಿನಲ್ಲಿ ನಡೆಯುವುದು ನನಗೆ ಸರಿಕಾಣಲಿಲ್ಲ. ಕಿಹಿಹಿ, ಕಿಸೊರೊ ಎಂಬಲ್ಲಿಗೆ ಸಣ್ಣ ವಿಮಾನಗಳಿವೆ, ಅವುಗಳ ಖರ್ಚು ಹೆಚ್ಚು. ನಾನು ದಾರಿಯ ನಡುವೆ ಲೇಕ್ ಎಂಬುರೊ ಉದ್ಯಾನದಲ್ಲಿ ತಂಗಿದೆ. ಸುಮಾರು 370 ಚದರ ಕಿಲೋಮೀಟರಿನ ಈ ಪುಟ್ಟ ಉದ್ಯಾನದಲ್ಲಿ ಆನೆಗಳಿಲ್ಲ. ಆದರೆ ಬಂದೂಕುಧಾರಿ ರೇಂಜರ್ ಜೊತೆಗೆ ಕಾಲ್ನಡಿಗೆಯಲ್ಲೇ ಜೀಬ್ರಾ, ಇಂಪಾಲಾ ಹಿಂಡುಗಳ ಹತ್ತಿರಕ್ಕೆ ಹೋಗಬಹುದು. ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಾಗಿಲ್ಲ: ಬೇಯಿಸಿ ಮಿದ್ದ ಬಾಳೆಕಾಯಿಯ ಮಟೋಕೆ, ಶೇಂಗಾದ ಗೊಜ್ಜು, ಬೀನ್ಸ್ ಮತ್ತು ಚಪಾತಿ ಎಲ್ಲೆಡೆ ಸಿಗುತ್ತವೆ.

ಚಾರಣದ ತಯಾರಿಗೆ ನಾನು ಶಿವಗಂಗೆ, ಸಾವನದುರ್ಗಗಳನ್ನು ಹತ್ತಿ ಇಳಿಯುವ ಅಭ್ಯಾಸ ಇಟ್ಟುಕೊಂಡಿದ್ದೆ. ಬ್ವಿಂಡಿಯ ಕಷ್ಟ ಎತ್ತರದ್ದಲ್ಲ, ಕಾಲಿಡುವ ನೆಲದ್ದು. ಬಳ್ಳಿಗಳ ಹೆಣಿಗೆಯ ಮೇಲೆ ಕಾಲಿಟ್ಟಾಗ ಅಡಿಯಲ್ಲಿ ಮಣ್ಣಿದೆಯೋ ಪೊಳ್ಳಿದೆಯೋ ತಿಳಿಯುವುದಿಲ್ಲ. ಪಾದದ ಗಂಟು ಮುಚ್ಚುವ ಬೂಟು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ತುರಿಕೆ ಗಿಡವನ್ನು ಹಿಡಿದರೂ ಅಂಗೈ ಉರಿಯದಂತೆ ತೋಟಗಾರಿಕೆಯ ಕೈಗವಸು, ಒಣ ಹವೆಯಲ್ಲೂ ಮಳೆಯಂಗಿ — ಇವಿಷ್ಟು ಇರಲೇಬೇಕು. ಕಾಡಿನಂಚಿನ ಹಳ್ಳಿಯವರೇ ಪೋರ್ಟರ್‌ಗಳಾಗಿ ಸಿಗುತ್ತಾರೆ, ಸುಮಾರು 20 ಡಾಲರ್ ಕೊಡಬೇಕು. ಚೀಲ ಹಗುರವಾಗಿದ್ದರೂ ಒಬ್ಬರನ್ನು ಕರೆದುಕೊಂಡೇ ಹೋಗಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ಕಾಡು ಉಳಿದರೆ ತಮ್ಮ ಮನೆಗೆ ದುಡಿಮೆ ಎಂಬುದು ಆ ಊರಿನವರಿಗೆ ಪ್ರತ್ಯಕ್ಷವಾಗಿ ಕಾಣುವುದು ಈ ಹಣದಲ್ಲಿ. ಜಾರುವ ಇಳಿಜಾರಿನಲ್ಲಿ ನನ್ನ ಜೊತೆಗಿದ್ದ ತರುಣ ತಾನು ಮೊದಲು ಇಳಿದು, ನಾನು ಕಾಲಿಡಬೇಕಾದ ಬೇರಿನ ಕೆಳಗೆ ತನ್ನ ಬೂಟನ್ನು ಅಡ್ಡ ಇಟ್ಟು, ಆಮೇಲೆ ಕೈ ನೀಡುತ್ತಿದ್ದ.

ನಾವು ಹೊರಡುವ ಎಷ್ಟೋ ಮೊದಲೇ ಟ್ರ್ಯಾಕರ್‌ಗಳು, ಹಿಂದಿನ ದಿನ ಕುಟುಂಬವನ್ನು ಬಿಟ್ಟುಬಂದ ಜಾಗದಿಂದ ಜಾಡು ಹಿಡಿದು, ರಾತ್ರಿ ಮಲಗಿದ್ದ ಎಲೆಹಾಸುಗಳನ್ನು ಕಂಡು, ಅಲ್ಲಿಂದ ಮುಂದಕ್ಕೆ ಹೋಗಿರುತ್ತಾರೆ. ಅವರ ಸಂದೇಶ ಬಂದ ದಿಕ್ಕಿಗೆ ನಮ್ಮ ರೇಂಜರ್ ಕತ್ತಿಯಿಂದ ಬಳ್ಳಿ ಸವರುತ್ತ ನಡೆದರು. ಹತ್ತಿರವಾದಾಗ ಚೀಲ, ಕೋಲುಗಳನ್ನು ಪೋರ್ಟರ್‌ಗಳ ಬಳಿ ಬಿಟ್ಟು, ಮಾಸ್ಕ್ ಧರಿಸಿ, ಕ್ಯಾಮೆರಾದ ಫ್ಲ್ಯಾಷ್ ಆರಿಸಿ ಮುಂದುವರಿದೆವು. ರೇಂಜರ್ ಗಂಟಲಿನಲ್ಲಿ ಎರಡು ಬಾರಿ ಕೆಮ್ಮಿದಂಥ ಸದ್ದು ಮಾಡಿದರು. ನೆಮ್ಮದಿಯಿಂದಿರುವ ಗೊರಿಲ್ಲಾ ಮಾಡುವ ಸದ್ದು ಅದು. ಪೊದೆಯಾಚೆಯಿಂದ ಅದೇ ಸದ್ದು, ಇನ್ನೂ ತಗ್ಗು ದನಿಯಲ್ಲಿ, ಮರಳಿ ಬಂತು. ಬೆಳ್ಳಿಬೆನ್ನಿನ ದೊಡ್ಡ ಗಂಡು ನಮಗೆ ಪಕ್ಕೆ ತೋರಿಸಿ ಕುಳಿತಿತ್ತು. ಒಂದು ಬಳ್ಳಿಯನ್ನು ಮೇಲಿನಿಂದ ಜಗ್ಗಿ, ಮುಷ್ಟಿಯೊಳಗೆ ಉದ್ದಕ್ಕೆ ಎಳೆದು ಎಲೆಗಳನ್ನೆಲ್ಲ ಒಂದು ಹಿಡಿಯಾಗಿಸಿ, ಬರಿದಾದ ಕಡ್ಡಿಯನ್ನು ಬದಿಗೆಸೆದು, ಹಿಡಿಯನ್ನು ಬಾಯಿಗಿಟ್ಟುಕೊಂಡಿತು. ಅದರ ಮೂಗಿನ ಮೇಲಿನ ಗೆರೆಗಳು ನಮ್ಮ ಬೆರಳಚ್ಚಿನ ಹಾಗೆ ಒಂದೊಂದಕ್ಕೂ ಬೇರೆಬೇರೆ, ಅವುಗಳಿಂದಲೇ ಟ್ರ್ಯಾಕರ್‌ಗಳು ಪ್ರತಿಯೊಂದನ್ನೂ ಗುರುತಿಸುತ್ತಾರೆ. ಹತ್ತು ಮೀಟರ್ ಅಂತರ ಬಿಡಬೇಕೆಂಬುದು ನಿಯಮ. ಮರಿಯೊಂದು ತಾನಾಗಿಯೇ ನಮ್ಮ ಕಡೆ ಉರುಳಿಕೊಂಡು ಬಂದಾಗ ರೇಂಜರ್ ನಮ್ಮನ್ನೇ ಹಿಂದಕ್ಕೆ ಸರಿಸಿದರು.

ಈ ಅಂತರವನ್ನೂ ಮಾಸ್ಕನ್ನೂ ಕೆಲವರು ಕಿರಿಕಿರಿ ಎಂದುಕೊಳ್ಳುತ್ತಾರೆ. ನಮ್ಮ ನೆಗಡಿ, ಕೆಮ್ಮು ಅವುಗಳಿಗೆ ಸುಲಭವಾಗಿ ತಗಲುತ್ತವೆ, ನಮಗಿರುವಷ್ಟು ತಡೆಯುವ ಶಕ್ತಿ ಅವುಗಳಿಗಿಲ್ಲ. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ತಗಲಿ ಒಂದು ಮರಿ ಸತ್ತಿತು. ಅದು ಸುತ್ತಲ ಜನವಸತಿಯಿಂದ ಬಂದ ರೋಗವೆಂದು ಗುರುತಿಸಿದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೊಕಾ ಮುಂದೆ ಹಳ್ಳಿಯವರ ಆರೋಗ್ಯವನ್ನೂ ಗೊರಿಲ್ಲಾಗಳ ಆರೋಗ್ಯವನ್ನೂ ಒಟ್ಟಾಗಿ ನೋಡಿಕೊಳ್ಳುವ ಸಂಸ್ಥೆಯನ್ನೇ ಕಟ್ಟಿದರು. ಚಾರಣದ ಬೆಳಿಗ್ಗೆ ಜ್ವರವೋ ಕೆಮ್ಮೋ ಇದ್ದರೆ, ಎಷ್ಟೇ ಹಣ ಕೊಟ್ಟಿದ್ದರೂ, ಅದನ್ನು ಮುಚ್ಚಿಡದೆ ಹೇಳಿ ಹಿಂದುಳಿಯಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗೆಯೇ, 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಕಾಡನ್ನು ಕಳೆದುಕೊಂಡ ಬಾಟ್ವಾ ಜನರ ಬಗ್ಗೆಯೂ ಹೋಗುವವರು ತಿಳಿದಿರಬೇಕು. ಅವರ ಹಾಡು, ಬೇಟೆಯ ಪ್ರದರ್ಶನಗಳಿಗೆ ಹೋಗುವುದಾದರೆ ಹಣ ಯಾರ ಕೈ ಸೇರುತ್ತದೆಂದು ಕೇಳಿಯೇ ಹೋಗಬೇಕು.

ಬಯಲಿನ ಸಫಾರಿಯನ್ನು ನಾನು ಚಾರಣದ ನಂತರಕ್ಕೆ ಇಟ್ಟುಕೊಂಡಿದ್ದೆ. ಕಾಲು ಸೋತಿರುವ ದಿನಗಳಲ್ಲಿ ವಾಹನದಲ್ಲಿ ಕುಳಿತು ನೋಡುವುದೇ ವಿಶ್ರಾಂತಿ. ರುಶಾಗಾದಿಂದ ಉತ್ತರಕ್ಕೆ ಕ್ವೀನ್ ಎಲಿಜಬೆತ್ ಉದ್ಯಾನದ ಇಶಾಷಾ ಭಾಗಕ್ಕೆ ಬಂದರೆ ದೊಡ್ಡ ಅತ್ತಿ ಜಾತಿಯ ಮರಗಳ ಕೊಂಬೆಗಳ ಮೇಲೆ ಮಲಗುವ ಸಿಂಹಗಳಿವೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಅವು ಕಾಣುವ ಸಂಭವ ಹೆಚ್ಚು. ಅಲ್ಲಿಂದ ಮುಂದೆ, ಜಾರ್ಜ್ ಮತ್ತು ಎಡ್ವರ್ಡ್ ಸರೋವರಗಳನ್ನು ಸೇರಿಸುವ ಕಜಿಂಗಾ ಕಾಲುವೆಯಲ್ಲಿ ಮಧ್ಯಾಹ್ನದ ದೋಣಿ ವಿಹಾರ, ನೀರಾನೆ, ಕಾಡೆಮ್ಮೆ, ಆನೆಗಳನ್ನು ದಂಡೆಯುದ್ದಕ್ಕೂ ತೋರಿಸುತ್ತದೆ. ಈ ಉದ್ಯಾನ ಕಾಂಗೋ ಗಡಿಗೆ ಹೊಂದಿಕೊಂಡಿದೆ, 2023ರ ಅಕ್ಟೋಬರಿನಲ್ಲಿ ಇಲ್ಲಿ ಉಗ್ರರ ದಾಳಿಯಲ್ಲಿ ಪ್ರವಾಸಿಗರು ಮತ್ತು ಅವರ ಮಾರ್ಗದರ್ಶಿ ಸತ್ತಿದ್ದಾರೆ. ಹಾಗಾಗಿ ಹೊರಡುವ ಮುನ್ನ ಪ್ರಯಾಣ ಸೂಚನೆಗಳನ್ನು ನೋಡಿ, ಕತ್ತಲಾದ ಮೇಲೆ ರಸ್ತೆಯಲ್ಲಿರದಂತೆ ದಿನದ ದಾರಿಯನ್ನು ಅಳತೆ ಮಾಡಿಕೊಂಡೆ.

ಡಾಲರ್ ನೋಟುಗಳು ಹೊಸದಾಗಿರಬೇಕು, 2009ಕ್ಕಿಂತ ಹಳೆಯ ಮುದ್ರಣದವನ್ನು, ಮಡಚಿ ಹರಿದವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಲಸಿಕೆಯ ಹಳದಿ ಪುಸ್ತಕವನ್ನು ಮರಳುವಾಗ ದೊಡ್ಡ ಪೆಟ್ಟಿಗೆಗೆ ಹಾಕದೆ ಪಾಸ್‌ಪೋರ್ಟಿನೊಂದಿಗೇ ಇಟ್ಟುಕೊಳ್ಳಬೇಕು. ಉಗಾಂಡಾದಿಂದ ಭಾರತಕ್ಕೆ ಬಂದವರು ಅದನ್ನು ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗಳಿಗೆ ತೋರಿಸಬೇಕು, ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.