ಬಟ್ಟಲ ನೀರು ಮುಟ್ಟದ ಗೋಸುಂಬೆ

ವಿಜಯಪುರದ ಏಪ್ರಿಲ್ ಬಿಸಿಲು. ತಂಗಿಯ ಮಗ ಹೊಲದ ಬೇಲಿಯಿಂದ ಗೋಸುಂಬೆಯೊಂದನ್ನು ಶೂ ಡಬ್ಬಿಯಲ್ಲಿ ತಂದ. "ಮಾಮಾ, ಸಾಕೂಣು!" ನಾನೂ ಹೂಂ ಅಂದೆ. ಅದೇ ಮೊದಲ ತಪ್ಪು.

ಎರಡು ದಿನ ಬಟ್ಟಲಲ್ಲಿ ನೀರಿಟ್ಟೆವು, ತಿರುಗಿಯೂ ನೋಡಲಿಲ್ಲ. ಮೂರನೇ ದಿನ ಮೈ ಕಪ್ಪಿಟ್ಟಿತ್ತು, ಉಬ್ಬಿದ್ದ ಕಣ್ಣು ಒಳಗಿಳಿದಿದ್ದವು. "ಬಣ್ಣಾ ಬದಲಿ ಮಾಡೇತಿ ನೋಡ್ರಿ" ಅಂತ ಹುಡುಗನಿಗೆ ಖುಷಿ. ನನಗೆ ದಿಗಿಲು.

ಪರಿಚಯದ ಪಶುವೈದ್ಯರಿಗೆ ಫೋನ್ ಹಚ್ಚಿದೆ. "ಸಂಕಟಕ್ಕ ಕಪ್ಪಾಗೇತ್ರಿ, ಕಣ್ಣು ಗುಳಿ ಬಿದ್ದದ್ದು ನೀರಿಲ್ಲದ್ದಕ್ಕ. ಬಟ್ಟಲದಾಗಿಂದು ಕುಡಿಯೂದಿಲ್ಲ, ಎಲಿ ಮ್ಯಾಲಿನ ಹನಿ ನೆಕ್ಕತೈತಿ" ಎಂದರು. ಜೊತೆಗೊಂದು ಬೈಗುಳ: ನಮ್ಮ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಮನೆಯಲ್ಲಿ ಸಾಕುವಂತಿಲ್ಲ.

ಹಿತ್ತಲ ದಾಸವಾಳದ ನೆರಳಿಗೆ ಬಿಟ್ಟು, ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಎಲೆಗಳ ಮೇಲೆ ಸಣ್ಣಗೆ ಹೊಡೆದೆ. ಹತ್ತು ನಿಮಿಷ ಕದಲಲಿಲ್ಲ. ಆಮೇಲೆ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಎಲೆಯ ತುದಿಯ ಹನಿಯ ಮೇಲೆ. ಇಕ್ಕಳದಂಥ ಕಾಲಿಂದ ಟೊಂಗೆ ಹಿಡಿದು ಮುಂದೆ ವಾಲಿ, ಹನಿ ನೆಕ್ಕಿತು. ಮತ್ತೊಂದು. ಮತ್ತೊಂದು. ಬಾಟಲಿ ಅರ್ಧ ಖಾಲಿಯಾಗುವಷ್ಟರಲ್ಲಿ ಮೈ ಹಸಿರಿಗೆ ತಿರುಗಿತ್ತು.

ಇಳಿಹೊತ್ತಿಗೆ ತಂದ ಬೇಲಿಗೇ ಒಯ್ದು ಬಿಟ್ಟೆವು. ಪಕ್ಕದ ಹೊಲದ ಕಾಕಾ ಬಡಿಗೆ ಹಿಡಿದೇ ಬಂದರು, "ವಿಷದ್ದೈತಿ ಅದು!" ವಿಷವಿಲ್ಲ, ಹುಳ ತಿನ್ನುತ್ತದೆ ಎಂದು ಒಪ್ಪಿಸಲು ಎರಡು ಚಹಾ ಬೇಕಾಯಿತು. ಹುಡುಗ ಇನ್ನೂ ಮುನಿಸಿಕೊಂಡಿದ್ದಾನೆ.